ಕಥೆ ಹಾಕಿದ ಮಣೆ, ಅದರ ಮೇಲೆ ಕೂತವರು

(ಗದಗಿನಲ್ಲಿ ಕನ್ನಡ ಶಾಲೆಗಳ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಅಡಗೂಲಜ್ಜಿಯಿಂದಲೇ ಶುರು ಮಾಡೋಣ. ಯಾರಾದರೂ ಕೆಲಸಕ್ಕೆ ಬಾರದ ಮಾತಾಡಿದರೆ "ಅಡಗೂಲಜ್ಜಿ ಕಥಿ ಸಾಕ್ ಮಾಡೋ ಮಾರಾಯಾ" ಅನ್ನುತ್ತೇವೆ. ಪಾಪ, ಬೈಗುಳವಾಗಿ ಉಳಿದುಕೊಂಡಿದ್ದಾಳೆ. ಆದರೆ ಆಕೆ ಯಾರು ಅಂತ ನಿಮ್ಮಲ್ಲಿ ಎಷ್ಟು ಜನ ಕೇಳಿಕೊಂಡಿದ್ದೀರಿ? ಅಡು ಅಂದರೆ ಬೇಯಿಸು, ಕೂಳು ಅಂದರೆ ಅನ್ನ. ದಾರಿಹೋಕರಿಗೆ ಅಡಿಗೆ ಮಾಡಿ ಹಾಕಿ, ರಾತ್ರಿ ಮಲಗಲು ಪಡಸಾಲೆ ಬಿಟ್ಟುಕೊಟ್ಟು, ನಾಲ್ಕು ದುಡ್ಡು ಇಸಿದುಕೊಂಡು ಬದುಕುವ ಒಂಟಿ ಮುದುಕಿ ಆಕೆ. ನಮ್ಮ ಹುಬ್ಬಳ್ಳಿ-ಧಾರವಾಡದ ಮಾತಿನಲ್ಲಿ ಹೇಳುವುದಾದರೆ ಖಾನಾವಳಿ ಅಜ್ಜಿ.

ಕಥೆಯಲ್ಲಿ ಆಕೆ ಯಾವಾಗ ಬರುತ್ತಾಳೆ, ನೆನಪು ಮಾಡಿಕೊಳ್ಳಿ. ರಾಜಕುಮಾರ ಮನೆ ಬಿಟ್ಟು, ಅಡವಿ ದಾಟಿ, ಗೊತ್ತಿಲ್ಲದ ಪಟ್ಟಣದ ಅಗಸಿಯ ಹತ್ತಿರ ಬಂದಿರುತ್ತಾನೆ. ಕತ್ತಲಾಗಿದೆ. ಅಲ್ಲೊಂದು ಗುಡಿಸಲು, ಒಳಗೊಂದು ದೀಪ. ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಊಟ. ಊಟ ಆದ ಮೇಲೆ ಊರಿನ ಸುದ್ದಿ: ರಾಜನ ಮಗಳು ಯಾರ ಹತ್ತಿರವೂ ಮಾತಾಡುತ್ತಿಲ್ಲ, ಅಥವಾ ಊರಾಚೆಯ ರಾಕ್ಷಸ ದಿನಕ್ಕೊಬ್ಬರನ್ನು ತಿನ್ನುತ್ತಿದ್ದಾನೆ, ನಾಳೆ ನನ್ನ ಮೊಮ್ಮಗನ ಪಾಳಿ. ಹೀರೋಗೆ ಮುಂದಿನ ಕೆಲಸ ಏನು ಅಂತ ಗೊತ್ತಾಗುವುದು ಅಜ್ಜಿಯ ಒಲೆಯ ಮುಂದೆ.

ನಾನು ಧಾರವಾಡದಲ್ಲಿ ಓದುವಾಗ ಊಟ ಮಾಡುತ್ತಿದ್ದ ಖಾನಾವಳಿಯಲ್ಲೂ ಹಾಗೇ ಇತ್ತು. ಯಾವ ಓಣಿಯಲ್ಲಿ ಖೋಲಿ ಖಾಲಿ ಇದೆ, ಯಾವ ಮಾಸ್ತರರು ಹಾಜರಿಗೆ ಕಟ್ಟುನಿಟ್ಟು, ಯಾರ ಮನೆಗೆ ಕನ್ಯೆ ನೋಡಲು ಯಾರು ಬಂದಿದ್ದರು, ಎಲ್ಲ ಅಜ್ಜಿಗೆ ಗೊತ್ತು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಜೊತೆಗೆ ಆ ಮಾಹಿತಿಯೂ ತಾಟಿಗೆ ಬೀಳುತ್ತಿತ್ತು. ಅದಕ್ಕೆ ಬೇರೆ ರೊಕ್ಕ ಇರಲಿಲ್ಲ.

ಈಗ ರಷ್ಯಾಕ್ಕೆ ಹೋಗೋಣ. ಅಲ್ಲಿಯ ಕಥೆಗಳಲ್ಲೂ ಅಡವಿಯಂಚಿನಲ್ಲಿ ಒಂದು ಗುಡಿಸಲು. ಅದು ಕೋಳಿಕಾಲಿನ ಮೇಲೆ ನಿಂತಿದೆ, ಗಿರಗಿರ ತಿರುಗುತ್ತದೆ. ಒಳಗೆ ಬಾಬಾ ಯಾಗಾ ಎಂಬ ಮುದುಕಿ. ಎಲುಬಿನ ಕಾಲು, ನರಮಾಂಸದ ಆಸೆ. ಆದರೆ ಹೀರೋ ಸರಿಯಾಗಿ ನಡೆದುಕೊಂಡರೆ ಅವಳೇ ದಾರಿ ಹೇಳುತ್ತಾಳೆ, ಕುದುರೆ ಕೊಡುತ್ತಾಳೆ. ವ್ಲಾದಿಮಿರ್ ಪ್ರಾಪ್ ಎಂಬ ವಿದ್ವಾಂಸ 1928ರಲ್ಲಿ ಇಂಥ ನೂರು ರಷ್ಯನ್ ಕಥೆಗಳನ್ನು ಬಿಚ್ಚಿ ನೋಡಿದ. ಹೆಸರು, ವೇಷ, ಊರು ಎಲ್ಲ ಬದಲಾದರೂ ಒಳಗೆ ನಡೆಯುವ ಕ್ರಿಯೆಗಳು 31, ಅವನ್ನು ನಡೆಸುವ ಪಾತ್ರಗಳು ಏಳೇ ಏಳು ಎಂದ. ಅವುಗಳಲ್ಲಿ ಒಂದು ಕೊಡುವವರದು. ಹೀರೋಗೆ ಬೇಕಾದ ವಸ್ತುವನ್ನೋ ವಿದ್ಯೆಯನ್ನೋ ಕೊಡುವವರು. ಬಾಬಾ ಯಾಗಾ ಅಲ್ಲಿ ಕೂರುತ್ತಾಳೆ. ನಮ್ಮ ಅಡಗೂಲಜ್ಜಿಯೂ ಅಲ್ಲೇ.

ಆರ್ಕಿಟೈಪ್ ಎಂಬ ಮಾತನ್ನು ನೀವು ಕೇಳಿರುತ್ತೀರಿ, ಬೇರೆ ಬೇರೆ ದೇಶದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದೇ ಅಚ್ಚಿನ ಪಾತ್ರ. ಕನ್ನಡದಲ್ಲಿ ಮೂಲಪ್ರತಿಮೆ ಅನ್ನುತ್ತಾರೆ, ಆದಿರೂಪ ಅನ್ನುವವರೂ ಇದ್ದಾರೆ. ಕಾರ್ಲ್ ಯೂಂಗ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಮನುಷ್ಯಜಾತಿಯ ಮನಸ್ಸಿನ ತಳದಲ್ಲಿ ಹುಡುಕಿದ. ಅಲ್ಲಿಯವರೆಗೆ ಇಳಿಯುವ ಧೈರ್ಯ ನನಗಿಲ್ಲ, ಇಳಿದವರು ಮೇಲೆ ಬಂದು ಹೇಳುವುದೂ ಬಹಳ ಸಲ ಒಂದೇ ನಮೂನಿ ಇರುತ್ತದೆ. ನನ್ನ ಅನುಕೂಲಕ್ಕೆ ನಾನು ಮಣೆ ಅನ್ನುತ್ತೇನೆ. ಕಥೆ ಒಂದು ಪಂಕ್ತಿ. ಎಲೆಯ ಮುಂದೆ ಮಣೆ ಹಾಕಿದ್ದಾರೆ. ಕೊಡುವವಳ ಮಣೆ, ಕಿರಿಯವಳ ಮಣೆ, ದೂರ ಹೋದವನ ಮಣೆ. ಮಣೆ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಅವೇ. ಆದರೆ ಅದರ ಮೇಲೆ ಯಾರನ್ನು ಕೂರಿಸಬೇಕು ಅನ್ನುವುದನ್ನು ಆಯಾ ಊರು ತೀರ್ಮಾನ ಮಾಡುತ್ತದೆ. ರಷ್ಯಾದ ಅಡವಿ ಮನುಷ್ಯರನ್ನು ನುಂಗುವ ಅಡವಿ, ಅದಕ್ಕೇ ಅಲ್ಲಿ ನುಂಗುವ ಮುದುಕಿ. ನಮ್ಮ ಬಯಲುಸೀಮೆಯಲ್ಲಿ ದಾರಿಹೋಕನಿಗೆ ಹೆದರಿಕೆ ಹಸಿವಿನದು, ನೀರಡಿಕೆಯದು. ಅದಕ್ಕೇ ನಮ್ಮ ಅಜ್ಜಿ ಪರೀಕ್ಷೆ ಮಾಡುವುದಿಲ್ಲ, ಮೊದಲು ಉಣ್ಣಿಸುತ್ತಾಳೆ.

ನೀವು ಸಣ್ಣ ಮಕ್ಕಳಿಗೆ ಕಲಿಸುವವರು, ಅದಕ್ಕೆ ಗುಬ್ಬಿ-ಕಾಗೆಯ ಮಾತನ್ನೂ ಸೇರಿಸುತ್ತೇನೆ. ಕಾಗಿ ಮನಿ ಸಗಣಿದು, ಗುಬ್ಬಿ ಮನಿ ಕಲ್ಲಿಂದು. ಮಳೆ ಬರುತ್ತದೆ, ಕಾಗೆಯ ಮನೆ ಕರಗುತ್ತದೆ. "ಗುಬ್ಬಕ್ಕ ಗುಬ್ಬಕ್ಕ, ಕದಾ ತಗಿ." "ತಡೀ ಕಾಗಕ್ಕ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ." "ಗುಬ್ಬಕ್ಕ ಗುಬ್ಬಕ್ಕ, ಕದಾ ತಗಿ." "ತಡೀ ಕಾಗಕ್ಕ, ಎರಿಯಾಕತ್ತೀನಿ." ಆಮೇಲೆ ಕಾಡಿಗೆ, ಆಮೇಲೆ ತೊಟ್ಟಿಲು. ಕೃಷ್ಣಾ ನದಿಯಾಚೆ ಮರಾಠಿಯಲ್ಲಿ ಗುಬ್ಬಿಯ ಮನೆ ಮೇಣದ್ದು. ಇಂಗ್ಲಿಷಿನಲ್ಲಿ ಮೂರು ಹಂದಿಗಳು, ಹುಲ್ಲಿನ ಮನೆ, ಕಟ್ಟಿಗೆಯ ಮನೆ, ಇಟ್ಟಿಗೆಯ ಮನೆ, ಬಾಗಿಲಲ್ಲಿ ತೋಳ. ಗಟ್ಟಿ ಮನೆ ಕಟ್ಟಿದವರು ಉಳಿಯುತ್ತಾರೆ ಅನ್ನುವುದು ಎಲ್ಲ ಕಡೆ ಒಂದೇ. ಆದರೆ ಅಲ್ಲಿ ಬಾಗಿಲು ಬಡಿಯುವವನು ತಿನ್ನಲು ಬಂದವನು. ನಮ್ಮಲ್ಲಿ ಬಡಿಯುವವಳು ನೆನೆದು ನಡುಗುತ್ತಿರುವ ನೆರೆಮನೆಯವಳು. ಕೂಸಿಗೆ ಕಾಡಿಗೆ ಹಚ್ಚುವ ನೆಪದಲ್ಲಿ ಗುಬ್ಬಿ ಅವಳನ್ನು ಹೊರಗೇ ನಿಲ್ಲಿಸುತ್ತದೆ. ಎರಡನೇ ಇಯತ್ತೆಯ ಹುಡುಗಿಯೊಬ್ಬಳು ನನಗೆ ಕೇಳಿದ್ದಳು: "ಸರ್, ಗುಬ್ಬಿ ಯಾಕ ಅಷ್ಟ ಕೆಟ್ಟಾಕಿ ಆತು?" ಉತ್ತರ ಕೊಡಲಿಕ್ಕೆ ನನಗೆ ಆಗಲಿಲ್ಲ. ಈಗಲೂ ಆಗುವುದಿಲ್ಲ.

ಇನ್ನು ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ಕಿರಿಯ ಸೊಸೆಯ ಮಣೆ.

ಕೆರೆಗೆ ಹಾರವಾದ, ಅಂದರೆ ಬಲಿಯಾದ, ಭಾಗೀರಥಿಯ ಹಾಡು ನಿಮಗೆಲ್ಲ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ. ಶಾಸ್ತ್ರ ಕೇಳಿದರೆ ಹಿರಿಸೊಸೆಯನ್ನು ಕೊಡು ಅಥವಾ ಕಿರಿಸೊಸೆಯನ್ನು ಕೊಡು ಎಂದು ಬಂತು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರೇತನಕ್ಕೆ ಯಾರು? ಹಾಗಾಗಿ ಕಿರಿಸೊಸೆ ಭಾಗೀರಥಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

ಇದೇ ಹಾಡು ಸಮುದ್ರದಾಚೆ ಇದೆ ಅಂದರೆ ನಂಬುತ್ತೀರಾ? ಸರ್ಬಿಯಾದಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ವುಕ್ ಕರಾಜಿಚ್ ಎಂಬುವನು ಅದನ್ನು ಬರೆದುಕೊಂಡ. ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟುತ್ತಾರೆ, ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ನಾಳೆ ಕೆಲಸಗಾರರಿಗೆ ಬುತ್ತಿ ತರುವವಳು ಯಾರ ಹೆಂಡತಿಯಾಗಿರುತ್ತಾಳೋ ಅವಳನ್ನು ಗೋಡೆಯೊಳಗೆ ಇಡಬೇಕು. ಮನೆಯಲ್ಲಿ ಬಾಯಿಬಿಡಬಾರದು ಎಂದು ಮೂವರೂ ಮಾತು ಕೊಡುತ್ತಾರೆ. ದೊಡ್ಡವರಿಬ್ಬರು ರಾತ್ರಿಯೇ ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಮಾತಿಗೆ ತಪ್ಪುವುದಿಲ್ಲ. ಬೆಳಿಗ್ಗೆ ಒಬ್ಬಳಿಗೆ ಏನೋ ನೋವು, ಇನ್ನೊಬ್ಬಳಿಗೆ ಬೇರೊಂದು ಅಡಚಣೆ. ಬುತ್ತಿ ಹೊತ್ತು ಬರುವವಳು ಕಿರಿಯವಳು. ಗ್ರೀಸಿನಲ್ಲಿ ಆರ್ತಾ ಊರಿನ ಸೇತುವೆಯ ಹಾಡಿದೆ, 45 ಮೇಸ್ತ್ರಿಗಳು, 60 ಆಳುಗಳು, ಅದೂ ರಾತ್ರಿ ಬೀಳುತ್ತದೆ. ರುಮೇನಿಯಾದಲ್ಲಿ ಮನೋಲೆ ಎಂಬ ಶಿಲ್ಪಿ ಮಠ ಕಟ್ಟಿದ ಹಾಡು. ಈ ಹಾಡು ಮೂಲತಃ ನಮ್ಮದು, ನಮ್ಮದು ಎಂದು ಬಾಲ್ಕನ್ ದೇಶಗಳ ವಿದ್ವಾಂಸರು ಬಹಳ ಕಾಲ ಜಗಳಾಡಿದರು. ಅಲನ್ ಡಂಡಿಸ್ ಎಂಬ ಅಮೆರಿಕದ ಜಾನಪದ ವಿದ್ವಾಂಸ 1996ರಲ್ಲಿ ಆ ಚರ್ಚೆಯನ್ನೆಲ್ಲ ಒಟ್ಟುಮಾಡಿದಾಗ, ಸ್ವಲ್ಪ ಭಾರತದ ಕಡೆಗೂ ನೋಡಿ ಎಂದ.

ಹೋಲಿಕೆ ಎಷ್ಟು ಹತ್ತಿರದ್ದು ಅನ್ನುವುದಕ್ಕೆ ಎರಡು ಸಂಗತಿ. ಆರ್ತಾದಲ್ಲಿ ಮೇಸ್ತ್ರಿಯ ಹೆಂಡತಿ ಬಂದಾಗ, ಉಂಗುರ ಕೆಳಗೆ ಬಿದ್ದಿದೆ, ಯಾರು ಇಳಿದು ತರುತ್ತೀರಿ ಅನ್ನುತ್ತಾರೆ. ಅವಳು ಇಳಿಯುತ್ತಾಳೆ. ನಮ್ಮಲ್ಲಿ ಗಂಗೆಯ ಪೂಜೆ ಮುಗಿಸಿ ಹೊಳ್ಳಿ ಬರುವಾಗ ಬಂಗಾರದ ಬಟ್ಟಲು ಮರೆತುಬಂದಿದೆ, ಯಾರು ಹೋಗಿ ತರುತ್ತೀರಿ? ಕಿರಿಸೊಸೆ ಓಡುತ್ತಾಳೆ. ಇನ್ನೊಂದು, ಸ್ಕಾದರಿನಲ್ಲಿ ಗೋಡೆ ಕಿರಿಯವಳ ಮೈಯಳತೆಯಲ್ಲೇ ಏರುತ್ತದೆ, ಮೊಣಕಾಲಿಗೆ, ನಡುವಿಗೆ, ಎದೆಗೆ. ಇಲ್ಲಿ ಅವಳು ಒಂದೊಂದು ಮೆಟ್ಟಿಲು ಏರಿದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ. ಅಲ್ಲಿ ಕಲ್ಲು, ಇಲ್ಲಿ ನೀರು. ಹಾಡುವವರ ಉಸಿರು ನಿಲ್ಲುವ ಜಾಗ ಎರಡೂ ಕಡೆ ಒಂದೇ.

ಕೋಟೆ, ಸೇತುವೆ, ಮಠ ಇದ್ದ ಮಣೆಯ ಮೇಲೆ ನಮ್ಮವರು ಕೆರೆಯನ್ನು ಕೂರಿಸಿದ್ದು ಯಾಕೆ ಅಂತ ಗದಗ-ರೋಣದವರಿಗೆ ನಾನು ಹೇಳಬೇಕಾಗಿಲ್ಲ. ಎರಿ ಭೂಮಿಯಲ್ಲಿ ಎಷ್ಟೋ ಕಡೆ ಬಾವಿ ತೋಡಿದರೆ ಸವಳು ನೀರು, ಕುಡಿಯಲಿಕ್ಕೆ ಬಾರದು. ಕೆರೆ ತುಂಬಿದರೆ ಊರು, ಇಲ್ಲದಿದ್ದರೆ ಗುಳೆ. ಕೆರೆ ತುಂಬದಿದ್ದರೆ ಗೌಡನ ಮರ್ಯಾದೆಯ ಜೊತೆಗೆ ಗೌಡಕಿಯೂ ಹೋಗುತ್ತದೆ.

ಆದರೆ ನಾನು ಬಹಳ ದಿನ ತಲೆ ಕೆಡಿಸಿಕೊಂಡದ್ದು ಬೇರೆಯದಕ್ಕೆ. ಆ ದೇಶಗಳ ಹಾಡುಗಳಲ್ಲಿ ಹೆಂಡತಿಗೆ ಗೊತ್ತಿರುವುದಿಲ್ಲ. ಗೋಡೆ ಮೊಣಕಾಲಿಗೆ ಬಂದರೂ ಚಾಷ್ಟಿ ಮಾಡುತ್ತಿದ್ದಾರೆ ಅಂತ ನಗುತ್ತಾಳೆ. ಭಾಗೀರಥಿಗೆ ಗೊತ್ತು. ಗೊತ್ತಾದ ಮೇಲೆ ಅವಳು ಮಾಡುವ ಮೊದಲ ಕೆಲಸ ತವರುಮನೆಗೆ ಹೋಗುವುದು. ಯಾವತ್ತೂ ಬಾರದ ಮಗಳು ಇವತ್ತು ಯಾಕೆ ಬಂದಳು, ಕಣ್ಣಲ್ಲಿ ಯಾಕೆ ನೀರು ಎಂದು ಅಪ್ಪ ಕೇಳುತ್ತಾನೆ. ಅವಳು ಏನು ಹೇಳುತ್ತಾಳೆ? ನಮ್ಮತ್ತಿ ಮಾವ ನನ್ನ ಬ್ಯಾರೆ ಇಡತಾರಂತ.

ಈ "ಬ್ಯಾರೆ ಇಡೂದು" ಅನ್ನುವ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಅಪ್ಪನಿಗೆ ಅದು ಪಾಲಿನ ಮಾತಾಗಿ ಕೇಳುತ್ತದೆ. ಕೂಡುಕುಟುಂಬ ಒಡೆಯುತ್ತಿದೆ, ಮಗಳಿಗೆ ಬೇರೆ ಒಲೆ ಹೂಡಿಕೊಡುತ್ತಿದ್ದಾರೆ. ಇಟ್ಟರೆ ಇಡಲಿ ಬಿಡವ್ವ, ಹೊಲಮನೆ ನಾನು ಕೊಡಿಸುತ್ತೇನೆ ಅನ್ನುತ್ತಾನೆ. ಕೆಟ್ಟ ಅಪ್ಪನಲ್ಲ. ಅವನ ಕೈಯಲ್ಲಿ ಇರುವುದನ್ನು ಕೊಡುತ್ತಿದ್ದಾನೆ. ಮಗಳು ಹೇಳಿದ್ದೂ ಸುಳ್ಳಲ್ಲ, ಬೇರೆ ಇಡುವುದೇ ನಿಜ, ನೀರಿನ ಕೆಳಗೆ. ಒಂದೇ ಮಾತು, ಆಡಿದವಳಿಗೆ ಒಂದು ಅರ್ಥ, ಕೇಳಿದವನಿಗೆ ಇನ್ನೊಂದು. ಅಲ್ಲಿಂದೆದ್ದು ಗೆಳತಿಯ ಮನೆಗೆ ಹೋಗುತ್ತಾಳೆ. ಅಲ್ಲಿ ಮಾತು ಮುಚ್ಚಿಡುವುದಿಲ್ಲ, ಕೆರೆಗೆ ಹಾರ ಕೊಡುತ್ತಾರಂತೆ ಎಂದೇ ಹೇಳುತ್ತಾಳೆ. ಗೆಳತಿ ಏನು ಮಾಡಬಲ್ಲಳು? ಅವಳೂ ಯಾರದೋ ಮನೆಯ ಸೊಸೆ. ಕೊಟ್ಟರೆ ಕೊಡಲಿ, ಅವರು ಇಟ್ಟಾಂಗ ಇರಬೇಕು ಅನ್ನುತ್ತಾಳೆ.

ಈ ಹಾಡನ್ನು ತ್ಯಾಗದ ಹಾಡು ಎಂದು ಪಾಠ ಮಾಡುತ್ತೇವೆ. ನಾನೂ ಮಾಡಿದ್ದೇನೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳಿದ್ದೇನೆ. ಈಗ ನನಗೆ ಅದು ಸರಿ ಅನ್ನಿಸುವುದಿಲ್ಲ. ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಇದನ್ನು ಹಾಡುವಾಗ ಅಪ್ಪನ ಮನೆಯ ಆ ನಾಲ್ಕು ಸಾಲು, ಗೆಳತಿಯ ಮನೆಯ ನಾಲ್ಕು ಸಾಲು ಎಷ್ಟು ನಿಧಾನವಾಗಿ ಹಾಡುತ್ತಾರೆ ಅಂತ ಕೇಳಿಸಿಕೊಳ್ಳಿ. ತ್ಯಾಗ ಹೊಗಳುವವರು ಅಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕೊನೆಗೆ ದಂಡಿನಿಂದ ಕುದುರೆಯೇರಿ ಬಂದ ಗಂಡನಿಗೆ ನಿಜ ಹೇಳುವವಳು ಯಾರು? ಅದೇ ಗೆಳತಿ. ಮನೆಯವರು ಅಲ್ಲಿಗೆ ಹೋಗಿದ್ದಾಳೆ ಇಲ್ಲಿಗೆ ಹೋಗಿದ್ದಾಳೆ ಅಂತ ತಪ್ಪಿಸುತ್ತಲೇ ಇರುತ್ತಾರೆ.

ಇನ್ನೂ ಒಂದು ಹೇಳಬೇಕು. ಬಾಲ್ಕನ್ನಿನ ಕಟ್ಟುವವನು ಅವಳ ಗಂಡನೇ. ಪಾಪ ಅವನ ಮೇಲೆ. ನಮ್ಮಲ್ಲಿ ಕಟ್ಟಿಸಿದವನು ಮಾವ, ಗಂಡ ಊರಲ್ಲೇ ಇಲ್ಲ. ನಮ್ಮ ಹಾಡು ಗಂಡನನ್ನು ಬಚಾವು ಮಾಡಿದೆ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೊಸೆಗೆ ಗಂಡ ಬೇಕಾದ ಹೊತ್ತಿಗೆ ಅವನು ಯಾವಾಗಲೂ ದಂಡಿನಲ್ಲಿರುತ್ತಾನೆ. ಮೊದಲು ದಂಡು, ಆಮೇಲೆ ಮುಂಬೈ ಮಿಲ್ಲು, ಈಗ ಗೋವಾ, ಮಂಗಳೂರು.

ಎರಡನೆಯದು ಹಂಚಿಯ ಕಥೆ. ಸಿಂಡ್ರೆಲ್ಲಾ ಗೊತ್ತಿಲ್ಲದ ಮಗು ಈಗ ನಿಮ್ಮ ಶಾಲೆಯಲ್ಲಿ ಇಲ್ಲ. 1893ರಲ್ಲಿ ಮರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ಹೆಣ್ಣುಮಗಳು ಈ ಬಗೆಯ 345 ಕಥೆಗಳನ್ನು ಪಟ್ಟಿಮಾಡಿದಳು. ಚೀನಾದ ಯೆ ಶಿಯನ್ ಎಂಬ ಹುಡುಗಿಯ ಕಥೆ ಒಂಬತ್ತನೇ ಶತಮಾನದಲ್ಲೇ ಬರಹಕ್ಕೆ ಇಳಿದಿದೆ, ಅವಳದು ಬಂಗಾರದ ಪಾದರಕ್ಷೆ. ಕನ್ನಡದ ಹಂಚಿಯನ್ನು ಕೇಳಿ ಬರೆದುಕೊಂಡವರು ಎ. ಕೆ. ರಾಮಾನುಜನ್. ಅವರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಈ ಸೀಮೆಯ ಅಜ್ಜಿಯರಿಂದ ಕಥೆ ಕೇಳುವ ಹುಚ್ಚು ಹಚ್ಚಿಕೊಂಡಿದ್ದರು.

ಹಂಚಿಗೆ ಮಲತಾಯಿ ಇಲ್ಲ. ಬಂಗಾರದ ಕೂದಲಿನ ಹುಡುಗಿ, ಸ್ವಂತ ಅಣ್ಣನಿಗೇ ಅವಳ ಮೇಲೆ ಮನಸ್ಸಾಗುತ್ತದೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ ಮನೆಯಿಂದ ದಾಟಿಸುತ್ತಾಳೆ. ಹಂಚಿನ ಮುಖದವಳು ಹಂಚಿ. ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಮನೆಯವರೆಲ್ಲ ತೋಟಕ್ಕೆ ಹೋದ ದಿನ ಮುಖವಾಡ ತೆಗೆದು ಎರೆದುಕೊಳ್ಳುವಾಗ ಆ ಮನೆಯ ಕಿರಿಮಗ ನೋಡುತ್ತಾನೆ. ಹಟ ಹಿಡಿದು ಮದುವೆಯಾಗುತ್ತಾನೆ. ಮುಖವಾಡ ಒಡೆಯುತ್ತದೆ.

ಸಿಂಡ್ರೆಲ್ಲಾ ಇಲ್ಲಿಗೆ ಮುಗಿಯಿತು, ಪುಸ್ತಕ ಮುಚ್ಚಿ. ಆದರೆ ನಮ್ಮ ಕಥೆಗೆ ಈಗಷ್ಟೇ ಅರ್ಧ. ಆ ಮನೆಗೆ ಬಂದುಹೋಗುವ ಗುರುಸ್ವಾಮಿಯೊಬ್ಬ ಹಂಚಿಯ ಮೇಲೆ ಕಣ್ಣು ಹಾಕುತ್ತಾನೆ. ಮಂತ್ರಿಸಿದ ಬಾಳೆಹಣ್ಣು, ಎಲೆ-ಅಡಿಕೆ ಕೊಡುತ್ತಾನೆ. ಅವಳು ತಿನ್ನದೆ ಪಾತ್ರೆ-ಪಡಗ, ಕಸಬರಿಗೆಯ ಮೇಲೆ ಎಸೆಯುತ್ತಾಳೆ. ರಾತ್ರಿ ಅವೇ ಎದ್ದು ಸ್ವಾಮಿಯ ಬೆನ್ನು ಹತ್ತುತ್ತವೆ. (ಈ ಭಾಗ ಹೇಳುವಾಗ ಹೆಂಗಸರು ಬಿದ್ದು ಬಿದ್ದು ನಗುವುದನ್ನು ನೀವು ಕೇಳಬೇಕು.) ಸೋತ ಸ್ವಾಮಿ ಅವಳ ಶೀಲದ ಮೇಲೆ ಮಾತು ಹುಟ್ಟಿಸುತ್ತಾನೆ, ಮನೆಯವರು ನಂಬುತ್ತಾರೆ, ಪೆಟ್ಟಿಗೆಯಲ್ಲಿ ಹಾಕಿ ಅವನ ಕೈಗೇ ಕೊಡುತ್ತಾರೆ. ಅವಳನ್ನು ಪೆಟ್ಟಿಗೆಯಿಂದ ಬಿಡಿಸುವವಳು ಒಬ್ಬ ಮುದುಕಿ. ಬದಲಿಗೆ ಹುಚ್ಚುನಾಯಿ ತುಂಬಿಸಿ ಮುಚ್ಚಳ ಹಾಕುತ್ತಾಳೆ. ನೋಡಿ, ಅಜ್ಜಿ ಮತ್ತೆ ಬಂದಳು! ಆಮೇಲೆ ಗಂಡನ ಮನೆಯವರು ಹಂಚಿಯನ್ನು ಗುರುತಿಸುವುದು ಹೇಗೆ? ಪಾದರಕ್ಷೆಯಿಂದಲ್ಲ. ಅಜ್ಜಿಯ ಮನೆಗೆ ಊಟಕ್ಕೆ ಬಂದಾಗ ಅಡಿಗೆಯ ರುಚಿಯಿಂದ. ಇದು ಹಂಚಿಯ ಕೈ ಅಲ್ಲವೇ ಎಂದು ತುತ್ತು ಬಾಯಲ್ಲಿರುವಾಗಲೇ ಗೊತ್ತಾಗುತ್ತದೆ.

ಅಳತೆ ಸರಿಹೋಗುವ ಕಾಲು ಒಂದು ಕಡೆ, ಕೈರುಚಿ ಇನ್ನೊಂದು ಕಡೆ. ಮಣೆ ಒಂದೇ, ಗುರುತಿನ ಮಣೆ. ಸಿಂಡ್ರೆಲ್ಲಾಳ ಕಾಲು ಹುಟ್ಟಿನಿಂದ ಬಂದದ್ದು, ಹಂಚಿಯ ರುಚಿ ಅವಳು ದುಡಿದು ಗಳಿಸಿದ್ದು. ಇನ್ನು ಮದುವೆಯ ವಿಷಯ. ನಮ್ಮಲ್ಲಿ ಹೆಂಗಸರು ಹೆಂಗಸರಿಗೇ ಹೇಳುವ ಕಥೆಗಳು ಬಹಳ ಸಲ ಮದುವೆಯಲ್ಲಿ ಮುಗಿಯುವುದಿಲ್ಲ, ಅಲ್ಲಿ ಇನ್ನೊಂದು ಸಲ ಶುರುವಾಗುತ್ತವೆ ಎಂದು ರಾಮಾನುಜನ್ ಗುರುತಿಸಿದರು. ಹೂವಿನ ಗಿಡವಾಗುವ ಹುಡುಗಿಯ ಕಥೆಯೂ ಹಾಗೇ. ರಾಜಕುಮಾರ ಮದುವೆಯಾದ ಮೇಲೆಯೇ ನಾದಿನಿ ಅವಳ ಟೊಂಗೆ ಮುರಿಯುವುದು. ಹೇಳುವವರಿಗೆ ಗೊತ್ತು, ಅಕ್ಕಿಕಾಳು ಬಿದ್ದ ಮೇಲೆ ಏನೇನಾಗುತ್ತದೆ ಅಂತ. ಅವರನ್ನು "ಸುಖವಾಗಿದ್ದರು" ಎಂಬ ಒಂದು ಪದದಲ್ಲಿ ಯಾರೂ ಮೋಸ ಮಾಡಲಾರರು.

ಮೂರನೆಯದನ್ನು ಬೇಗ ಹೇಳುತ್ತೇನೆ, ಹೇಳುವುದೂ ಕಷ್ಟ. ಗ್ರೀಕರ ಈಡಿಪಸ್ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನು, ಗೊತ್ತಿಲ್ಲದೆ. ಆ ಕಥೆಯೂ ಉತ್ತರ ಕರ್ನಾಟಕದಲ್ಲಿ ಇದೆ. ರಾಮಾನುಜನ್ ಅದನ್ನು ಕಣ್ಣು ಮಂದವಾದ, ಓದು ಬರಹ ಇಲ್ಲದ ಹೆಂಗಸೊಬ್ಬಳ ಬಾಯಿಂದ ಕೇಳಿದರು. ಇಲ್ಲಿ ಶಾಪ ಮಗನ ಮೇಲಿಲ್ಲ, ಹೆಣ್ಣುಮಗಳ ಹಣೆಯಲ್ಲಿದೆ: ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗನನ್ನು ಹಡೆಯುತ್ತಾಳೆ. ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದ ಐದನೆಯ ದಿನ ಸಟವಿ ಬಂದು ಹಣೆಬರಹ ಬರೆಯುತ್ತಾಳೆ ಅನ್ನುತ್ತಿದ್ದರಲ್ಲ, ಆ ಬರಹ. ಅದನ್ನು ತಪ್ಪಿಸಲು ಅವಳು ಅಡವಿ ಸೇರುತ್ತಾಳೆ, ಗಂಡಸಿನ ಮುಖ ನೋಡುವುದಿಲ್ಲ. ಆದರೂ ಒಂದು ಮಾವಿನಹಣ್ಣು ತಿಂದು ಬಸಿರಾಗುತ್ತಾಳೆ. ದಾರಿಯಲ್ಲಿ ಹೋಗುತ್ತಿದ್ದ ರಾಜ ಆ ಗಿಡದ ಬುಡದಲ್ಲಿ ಉಚ್ಚೆ ಹೊಯ್ದಿದ್ದ. ಹುಟ್ಟಿದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹಳ್ಳಕ್ಕೆ ಬಿಡುತ್ತಾಳೆ. ಅವನು ಬೇರೆ ರಾಜನ ಮನೆಯಲ್ಲಿ ಬೆಳೆದು ಬೇಟೆಗೆ ಬರುತ್ತಾನೆ. ನನ್ನ ಮಗ ಸತ್ತಿದ್ದಾನೆ, ಇನ್ನು ಭಯವಿಲ್ಲ ಅಂದುಕೊಂಡು ಮದುವೆಯಾಗುತ್ತಾಳೆ, ಹಡೆಯುತ್ತಾಳೆ. ಬಾಣಂತಿ ಮನೆಗೆ ಕೂಸಿನ ಅಪ್ಪನಿಗೆ ಹಿಂದೆ ಸುತ್ತಿದ್ದ ಹಳೆಯ ಅರಿವೆ ತರುತ್ತಾರೆ. ಅದು ಅವಳ ಸೀರೆಯ ತುಂಡು.

ಅವತ್ತು ರಾತ್ರಿ ತೊಟ್ಟಿಲು ತೂಗುತ್ತ ಒಂದು ಜೋಗುಳ ಹಾಡುತ್ತಾಳೆ. ಮಗನೇ ಮಲಗು, ಮೊಮ್ಮಗನೇ ಮಲಗು, ಗಂಡನ ತಮ್ಮನೇ ಮಲಗು ಎಂಬ ಅರ್ಥ. ಆಮೇಲೆ ಸೀರೆಯನ್ನೇ ಹಗ್ಗ ಮಾಡಿ ತೊಲೆಗೆ ನೇಣು. ಗ್ರೀಕರ ತಾಯಿಯೂ ನೇಣು ಹಾಕಿಕೊಳ್ಳುತ್ತಾಳೆ, ಆದರೆ ಅಲ್ಲಿ ನಾಟಕವೆಲ್ಲ ಮಗನದು, ಹುಡುಕುವವನೂ ಅವನೇ, ಗೊತ್ತುಮಾಡಿಕೊಂಡು ಕಣ್ಣು ಕಿತ್ತುಕೊಳ್ಳುವವನೂ ಅವನೇ. ನಮ್ಮ ಕಥೆಯಲ್ಲಿ ಗೊತ್ತಾಗುವುದು ತಾಯಿಗೆ ಮಾತ್ರ. ಮಗ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಾನೆ. ಹೇಳಿದವಳು ಹೆಣ್ಣು, ಹಾಗಾಗಿ ಗೊತ್ತಾಗುವ ಮಣೆಯ ಮೇಲೆ ಹೆಣ್ಣು ಕೂತಳು. ಅಷ್ಟೇ ಕಾರಣ ಅಂತ ನಾನು ಪಟ್ಟು ಹಿಡಿಯುವುದಿಲ್ಲ, ಆದರೆ ಅದು ಇಲ್ಲದೆ ಬೇರೆ ಯಾವ ಕಾರಣವೂ ಸಾಲುವುದಿಲ್ಲ.

ಹೋಲಿಕೆ ಹುಡುಕುವ ಚಟದ ಬಗ್ಗೆ ಒಂದು ಎಚ್ಚರಿಕೆ. ಭಾದ್ರಪದದಲ್ಲಿ ಜೋಕುಮಾರ ನಿಮ್ಮ ಬಾಗಿಲಿಗೂ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು, ಅದರ ನಡುವೆ ಮಣ್ಣಿನ ಗೊಂಬೆ, ಅಗಲ ಕಣ್ಣು, ಬಾಯಿಗೆ ಬೆಣ್ಣೆ. ಅಂಬಿಗರ ಹೆಂಗಸರು ಹೊತ್ತು ಹಾಡುತ್ತ ಬಂದರೆ ಜೋಳ ಕೊಡುತ್ತೀರಿ. ಏಳು ದಿನ ಬದುಕಿ ಸಾಯುವ ದೇವರು, ಸತ್ತು ಮಳೆ ತರುವವನು. ಬಾಬಿಲೋನಿಯಾದ ತಮ್ಮೂಜ್ ಕೂಡ ಹೀಗೇ ಸಾಯುವ ಹುಡುಗ, ಅವನಿಗಾಗಿ ಹೆಂಗಸರು ಅಳುತ್ತಿದ್ದರು ಎಂದು ಬೈಬಲ್ಲಿನಲ್ಲೇ ಇದೆ. ಹಾಗಂತ ಜೋಕುಮಾರ ಅಲ್ಲಿಂದ ಬಂದ ಅಂತ ಬರೆದುಬಿಟ್ಟರೆ ಮುಗಿಯಿತು, ಮುಂದೆ ಯಾರೂ ಯಾಕೆ ಅಗಸರ ಕಲ್ಲಿನ ಹತ್ತಿರವೇ ಅವನು ಸಾಯುತ್ತಾನೆ, ಯಾಕೆ ಅವನನ್ನು ಹೊರುವವರು ಅಂಬಿಗರು ಅಂತ ಕೇಳುವುದಿಲ್ಲ. ಎರಡೂ ನೀರಿನ ಕಸುಬು ಅಲ್ಲವೇ? ಅಲ್ಲಿಂದ ಹುಡುಕಬೇಕು.

ಇನ್ನು ನನ್ನ ಸ್ವಂತ ಒಂದು ದಡ್ಡತನ ಹೇಳಿ ಮುಗಿಸುತ್ತೇನೆ. ಕ್ಯಾಸೆಟ್ಟಿನ ಕಾಲ. ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಥೆ ಹೇಳುವ ಆಯಿ ಒಬ್ಬಳಿದ್ದಾಳೆ ಅಂತ ಗೊತ್ತಾಗಿ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಓಣಿಯ ನಾಲ್ಕು ಮುದುಕಿಯರು ಕಟ್ಟೆಗೆ ಬಂದರು. ಹೂಂಗುಡುವವರಿಲ್ಲದೆ ಕಥೆ ನಡೆಯುವುದಿಲ್ಲವಲ್ಲ, ಅವರು ಹೂಂ ಹೂಂ ಅನ್ನುತ್ತಿದ್ದರು. ಆಯಿ ಹೇಳಿದ್ದು ಹೊಟ್ಟೆಬಾಕ ಸೊಸೆಯ ಕಥೆ. ಅತ್ತೆ ಹೊಟ್ಟೆಗೆ ಹಾಕುವುದಿಲ್ಲ, ಸೊಸೆ ಕದ್ದು ಗಡಿಗೆ ತುಂಬ ಪಲ್ಯ ಮಾಡಿ ದೇವಿಯ ಗುಡಿಯಲ್ಲಿ ಕೂತು ಒಬ್ಬಳೇ ತಿನ್ನುತ್ತಾಳೆ. ಅದನ್ನು ನೋಡಿ ದೇವಿ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಕೈ ಹಾಗೇ ಉಳಿಯುತ್ತದೆ. ಊರು ಹೆದರುತ್ತದೆ, ಪೂಜೆ, ಬಲಿ, ಯಾವುದಕ್ಕೂ ಕೈ ಇಳಿಯುವುದಿಲ್ಲ. ಸೊಸೆ ಬಾಗಿಲು ಹಾಕಿಕೊಂಡು ಒಳಗೆ ಹೋಗಿ, "ನಾ ಉಂಡ್ರ ನಿನಗೇನ ಆತು? ಕೈ ಇಳಸ್ತೀಯೋ, ಬರಲ ತಗೊಳ್ಳೋ?" ಅಂತ ಕಸಬರಿಗೆ ಎತ್ತುತ್ತಾಳೆ. ದೇವಿ ಕೈ ಇಳಿಸುತ್ತಾಳೆ. ಊರು ಸೊಸೆಯ ಕಾಲಿಗೆ ಬೀಳುತ್ತದೆ. ಅತ್ತೆ ಮೂಲೆ ಸೇರುತ್ತಾಳೆ, ಸೊಸೆ ಉಂಡು ಬಿಟ್ಟದ್ದನ್ನು ತಿಂದುಕೊಂಡು. ಮುದುಕಿಯರೆಲ್ಲ ನಕ್ಕರು, ಒಬ್ಬಳು ಮಾತ್ರ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಧ್ವನಿ ಸರಿ ಬಂದಿರಲಿಲ್ಲ. ವಾರ ಬಿಟ್ಟು ಮತ್ತೆ ಹೋದೆ, ಅದೇ ಕಥೆ ಹೇಳು ಎಂದೆ. ಈ ಸಲ ಆಯಿಯ ಸೊಸೆ ರೊಟ್ಟಿ ಬಡಿಯುತ್ತ ಪಕ್ಕದಲ್ಲೇ ಕೂತಿದ್ದಳು, ಹೂಂಗುಡುವವಳು ಅವಳೇ. ಕೊನೆಗೆ ಬಂದಾಗ ಅತ್ತೆಯೂ ಸೊಸೆಯೂ ಒಂದೇ ತಾಟಿನಲ್ಲಿ ಉಂಡರು. ನಾನು ನಡುವೆ ಬಾಯಿ ಹಾಕಿದೆ: "ಆಯಿ, ಮೊನ್ನೆ ಹಿಂಗ ಹೇಳಿದ್ದಿಲ್ಲ, ತಪ್ಪಾತು." ಆಯಿ ಮಾತು ನಿಲ್ಲಿಸಿದಳು. ಸೊಸೆ ತಲೆ ಎತ್ತಿ ಮೊನ್ನೆ ಏನ ಹೇಳಿದ್ದರು ಅಂತ ನನ್ನನ್ನು ನೋಡಿದಳು. ಆಯಿ ಎದ್ದು ಎಮ್ಮೆಗೆ ಮೇವು ಹಾಕಲು ಹೋದಳು. ಕ್ಯಾಸೆಟ್ಟು ಸುಮ್ಮನೆ ತಿರುಗುತ್ತಿತ್ತು. ಈಗಲೂ ಆ ಟೇಪಿನಲ್ಲಿ ಐದು ನಿಮಿಷ ರೊಟ್ಟಿ ಬಡಿಯುವ ಸಪ್ಪಳ ಒಂದೇ ಇದೆ, ಮೊದಲಿಗಿಂತ ಸ್ವಲ್ಪ ಜೋರಾಗಿ.

ನಾನು ಹಿತ್ತಲಿಗೆ ಹೋಗಿ ತಪ್ಪಾಯಿತು ಅಂದೆ. ಆದರೆ ಕಲಿತವನ ಚಟ ಬಿಡಬೇಕಲ್ಲ, ಅದರ ಜೊತೆಗೇ ಕೇಳಿದೆ: "ಆಯಿ, ಎರಡರಾಗ ಖರೇ ಕಥಿ ಯಾವುದು?"

ಆಯಿ ಮೇವಿನ ಸೂಡು ಬಿಚ್ಚುತ್ತ ನನ್ನ ಮುಖ ನೋಡಿದಳು. "ತಮ್ಮಾ, ನಿಮ್ಮನ್ಯಾಗ ಯಾರ್ಯಾರ ಅದಾರ?"

"ನಮ್ಮವ್ವ, ನನ್ನ ಹೇಂತಿ, ಸಣ್ಣ ಮಗಳು."

ಸ್ವಲ್ಪ ಹೊತ್ತು ಎಮ್ಮೆಯ ಕಡೆ ನೋಡುತ್ತ ನಿಂತಳು. ಆಮೇಲೆ ಕೈ ಜಾಡಿಸಿಕೊಂಡು ಬಾನಿಯ ಕಟ್ಟೆಯ ಮೇಲೆ ಕೂತು, "ಹಂಗಿದ್ರ ಹೂಂ ಅನ್ನು" ಅಂದಳು. "ಒಂದೂರಾಗ ಒಬ್ಬಾಕಿ ಸೊಸಿ ಇದ್ಲು, ಆಕಿಗೊಬ್ಬಾಕಿ ಮಗಳಿದ್ಲು."